ಹೊಳೆ ಎಲ್ಲರದು, ಕಡವು ಯಾರದು?

ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ಹಿಡಿಯುವ ಹುಚ್ಚುಗಳು ಹಲವು. ಒಬ್ಬರಿಗೆ ಕಾಶೀಯಾತ್ರೆ, ಇನ್ನೊಬ್ಬರಿಗೆ ವಂಶವೃಕ್ಷ. ನನಗೆ ಹಿಡಿದದ್ದು ದೋಣಿಯ ಹುಚ್ಚು. ಹೋದ ವರ್ಷ ದೀಪಾವಳಿಯ ಸುಮಾರಿಗೆ, ನೇತ್ರಾವತಿಯ ಕೆಳಪಾತ್ರದಲ್ಲಿ ಮರುವಾಯಿ ಹೆಕ್ಕಿ ಜೀವನ ಮಾಡುತ್ತಿದ್ದವರೊಬ್ಬರು ತಮ್ಮ ಸಣ್ಣ ದೋಣಿಯನ್ನು ಮಾರುತ್ತಾರೆಂಬ ಸುದ್ದಿ ಬಂತು. ಹೋಗಿ ನೋಡಿದೆ. ಹದಿನಾಲ್ಕು ಅಡಿ ಉದ್ದ, ಇಬ್ಬರು ಧಾರಾಳವಾಗಿ, ಮೂವರು ಉಸಿರು ಬಿಗಿಹಿಡಿದು ಕೂರಬಹುದಾದ ಮರದ ದೋಣಿ. ಚೌಕಾಶಿಯನ್ನೂ ಮಾಡದೆ ಕೊಂಡುಬಿಟ್ಟೆ. ಟೆಂಪೋದಲ್ಲಿ ಹೇರಿ ಮನೆಗೆ ತಂದು ಅಂಗಳದಲ್ಲಿ ಇಳಿಸಿದಾಗ ನೆರೆಕರೆಯವರೆಲ್ಲ ಬಂದು ನೋಡಿದರು, ತಟ್ಟಿದರು, ನಕ್ಕರು. ನನ್ನ ಹೆಂಡತಿ ಮಾತ್ರ ಜಗಲಿಯಿಂದಲೇ ಒಂದು ಪ್ರಶ್ನೆ ಕೇಳಿದಳು: "ಎಲ್ಲ ಸರಿ, ಇದನ್ನು ನೀರಿಗೆ ಇಳಿಸುವುದು ಎಲ್ಲಿ?"

ನಾನು ನಕ್ಕೆ. ಹೊಳೆ ನಮ್ಮ ಮನೆಯಿಂದ ಅರ್ಧ ಮೈಲು. ಮಳೆಗಾಲದ ರಾತ್ರಿ ಅದರ ಮೊರೆತ ಹಾಸಿಗೆಯಲ್ಲಿ ಕೇಳಿಸುತ್ತದೆ. ಮೀನು ಕೊಂಡವನಿಗೆ ಒಲೆ ಎಲ್ಲಿ ಎಂದು ಕೇಳಿದ ಹಾಗಾಯಿತು ಈ ಪ್ರಶ್ನೆ ಎಂದುಕೊಂಡೆ. ಅಂದು ನಕ್ಕವನು ಇಂದಿಗೂ ಉತ್ತರ ಕೊಡಲು ಸಾಧ್ಯವಾಗಿಲ್ಲ. ಆ ಸೋಲಿನ ಸಿಟ್ಟಿನಲ್ಲಿಯೇ ಈ ಲೇಖನ ಬರೆಯುತ್ತಿದ್ದೇನೆಂದು ಓದುಗರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ನಾನು ಹುಡುಗನಾಗಿದ್ದಾಗ ನಮ್ಮೂರ ಶಾಲೆಯ ಹಿಂದಿನಿಂದ, ಎರಡು ಅಡಿಕೆ ತೋಟಗಳ ನಡುವೆ, ಒಂದು ಓಣಿ ಹೊಳೆಗೆ ಇಳಿಯುತ್ತಿತ್ತು. ತಲೆಹೊರೆಯವರು ಎದುರುಬದುರಾದರೆ ಒಬ್ಬರು ಮಗ್ಗುಲಾಗಿ ನಿಂತು ದಾರಿ ಬಿಡಬಹುದಾದಷ್ಟು ಅಗಲ. ಓಣಿಯ ತುದಿಯಲ್ಲಿ ಕಡವು. ಆ ದಡದ ಸಂತೆಗೆ ವೀಳ್ಯದೆಲೆ, ಈ ದಡದ ಗಿರಣಿಗೆ ಭತ್ತ, ಮದುವೆಯ ದಿಬ್ಬಣ, ಹೆರಿಗೆಗೆ ಹೊರಟ ಹೆಂಗಸು, ಶಾಲೆಗೆ ಬರುವ ನಾವು, ಎಲ್ಲವೂ ಎಲ್ಲರೂ ಅಲ್ಲಿಂದಲೇ. ದೋಣಿ ಕೊಂಡ ಮರುವಾರ ಆ ಓಣಿ ಹುಡುಕಿಕೊಂಡು ಹೋದರೆ, ಅದರ ಬಾಯಿಗೆ ಆಳೆತ್ತರದ ಕಬ್ಬಿಣದ ಗೇಟು, ಗೇಟಿಗೊಂದು ಹಲಗೆ, ಹಲಗೆಯಲ್ಲಿ ಖಾಸಗಿ ಆಸ್ತಿ, ಅತಿಕ್ರಮ ಪ್ರವೇಶ ಶಿಕ್ಷಾರ್ಹ ಎಂಬ ಬರಹ. ಕಾವಲಿನ ಹುಡುಗ ಒಳ್ಳೆಯವನು. "ಸಾರ್, ಓನರ್ ಬೆಂಗಳೂರಲ್ಲಿದ್ದಾರೆ. ಕೇಳಿ ಹೇಳ್ತೇನೆ" ಎಂದ. ಕೇಳಿದನೋ ಇಲ್ಲವೋ, ಹೇಳಲಂತೂ ಇಲ್ಲ. ಈ ಗೇಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ನನ್ನ ಮುಖಕ್ಕೂ ಮಸಿ ತಾಗುವುದಿದೆ.

"ಹೊಳೆಯ ದಡ ಮೈಲುಗಟ್ಟಲೆ ಇದೆಯಲ್ಲ, ಬೇಕಾದಲ್ಲಿ ಇಳಿಸಿಕೊಳ್ಳಿ" ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಅವರು ಯಾರೂ ದೋಣಿಯ ಅಂಚು ಹಿಡಿದವರಲ್ಲ. ದೋಣಿ ಇಳಿಸುವ ಜಾಗ ಎಲ್ಲೆಂದರಲ್ಲಿ ಸಿಕ್ಕುವುದಿಲ್ಲ. ಹೊಳೆ ತಿರುವು ತೆಗೆದುಕೊಳ್ಳುವಲ್ಲಿ ಹೊರಮಗ್ಗುಲನ್ನು ನೀರು ಕೊರೆಯುತ್ತದೆ. ಅಲ್ಲಿ ದಡ ಗೋಡೆಯ ಹಾಗೆ ಕಡಿದಿರುತ್ತದೆ, ಆಳ ಕಾಲ ಬುಡದಲ್ಲೇ ಇರುತ್ತದೆ. ಒಳಮಗ್ಗುಲಲ್ಲಿ ಮರಳು ಬಂದು ಕೂರುತ್ತದೆ. ದೋಣಿಯನ್ನು ನೂರು ಹೆಜ್ಜೆ ಎಳೆದರೂ ನೀರು ಮೊಣಕಾಲು ಮುಟ್ಟುವುದಿಲ್ಲ. ಕೆಳಗೆ ಮಂಗಳೂರಿನ ಹತ್ತಿರ ಬಂದರೆ ಕಡಲಿನ ಉಬ್ಬರ ಇಳಿತ ಹೊಳೆಯೊಳಗೂ ಆಡುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನೀರು ಒಂದೂವರೆ ಮೀಟರಿನಷ್ಟು ಏರಿ ಇಳಿಯುವುದುಂಟು. ಬೆಳಿಗ್ಗೆ ಅಂದವಾಗಿ ಕಂಡ ದಡ ಮಧ್ಯಾಹ್ನಕ್ಕೆ ತೊಡೆಮಟ್ಟದ ಕೆಸರು. ಇವೆಲ್ಲವನ್ನೂ ಬಿಟ್ಟು, ಬಂಡೆಯದೋ ದಿಣ್ಣೆಯದೋ ಮೂತಿಯ ಕೆಳಬದಿಯಲ್ಲಿ, ಹರಿವಿನ ಸೆಳೆತ ತಪ್ಪಿ ನೀರು ಮೆಲ್ಲನೆ ಹಿಂದಕ್ಕೆ ತಿರುಗುವಲ್ಲಿ, ನೆಲ ಮುರಕಲ್ಲಿನಂತೆ ಗಟ್ಟಿಯಾಗಿದ್ದು ಎಂಟು ಅಡಿಗೆ ಒಂದು ಅಡಿಯಷ್ಟು ನಯವಾಗಿ ಇಳಿಯುತ್ತಿದ್ದರೆ, ಅದು ದೋಣಿಗೆ ತಕ್ಕ ಜಾಗ. ಮೇಲಿನಿಂದ ಅದಕ್ಕೊಂದು ದಾರಿ ಬಂದರೆ ಅದು ಕಡವು. ನಮ್ಮ ಹಿರಿಯರು ಇಂತಹ ಜಾಗಗಳನ್ನು ಎಷ್ಟು ತಲೆಮಾರುಗಳಲ್ಲಿ ಎಷ್ಟು ದೋಣಿ ಮಗುಚಿ ಕಂಡುಹಿಡಿದರೋ ಯಾರು ಬಲ್ಲರು. ಕಡವು ಎಂದರೆ ಒಂದು ಊರು ತನ್ನ ಹೊಳೆಯ ಬಗ್ಗೆ ಕಲಿತ ಪಾಠದ ಸಾರ. ಅದನ್ನು ನಾವು ಒಂದು ಲೋಡು ಕೆಂಪುಕಲ್ಲಿನ ಕಂಪೌಂಡಿಗೆ ಬಿಟ್ಟುಕೊಟ್ಟಿದ್ದೇವೆ.

ಘಟ್ಟದ ಮೇಲಿನವರಿಗೆ ಕಡವು ಎಂಬ ಮಾತು ಅಷ್ಟಾಗಿ ಬಳಕೆಯಲ್ಲಿಲ್ಲ. ಅವರಲ್ಲಿ ಘಟ್ಟ, ಹರಿಗೋಲಿನ ಜಾಗ ಎನ್ನುತ್ತಾರೆ. ಸಾಗರದ ಕಡೆ ಶರಾವತಿಯ ಹಿನ್ನೀರಿನಲ್ಲಿ ಲಾಂಚು ಹೊರಡುತ್ತಿದ್ದ ಸ್ಥಳಕ್ಕೆ ಹೊಳೆಬಾಗಿಲು ಎಂಬ ಹೆಸರಿದೆ. ಎಂತಹ ಮಾತು! ಹೊಳೆಗೊಂದು ಮನೆ, ಮನೆಗೊಂದು ಬಾಗಿಲು. ಬಾಗಿಲಿಲ್ಲದ ಮನೆಯನ್ನು ನಮ್ಮದೆಂದು ಹೇಳಿಕೊಂಡು ಏನು ಪ್ರಯೋಜನ?

ಹಾಗೆ ನಮ್ಮದೆಂದು ಹೇಳಿಕೊಳ್ಳಲು ಕಾಗದಪತ್ರಕ್ಕೇನೂ ಕೊರತೆಯಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಮನ್ನು ನೋಡಿ: ನದಿ, ಹಳ್ಳ, ಕೆರೆಗಳ ತಳ, ಹರಿಯುವ ನೀರು, ನಿಂತ ನೀರು, ಸಾರ್ವಜನಿಕ ದಾರಿ ಕಾಲುದಾರಿಗಳೆಲ್ಲ ಸರಕಾರದ ಸ್ವತ್ತು, ಬೇರೊಬ್ಬರ ಹಕ್ಕು ಸ್ಥಾಪಿತವಾಗಿದ್ದಲ್ಲಿ ಮಾತ್ರ ಅದಕ್ಕೆ ಹೊರತು. ಸರಕಾರ ಈ ಸ್ವತ್ತಿಗೆ ಯಜಮಾನನಲ್ಲ, ಜನರ ಪರವಾಗಿ ನೋಡಿಕೊಳ್ಳುವ ಧರ್ಮದರ್ಶಿ ಮಾತ್ರ ಎಂದು ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಹಿಮಾಚಲದ ಬಿಯಾಸ್ ನದಿಯ ದಂಡೆಯಲ್ಲಿ ಹೋಟೆಲಿನವರು ಮಾಡಿದ ಅತಿಕ್ರಮದ ಮೊಕದ್ದಮೆಯಲ್ಲಿ ಹೇಳಿತು. ಇದು ಸಾಲದೆಂದು 2016ರಲ್ಲಿ ಪಾರ್ಲಿಮೆಂಟು ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಸಾರುವ ಕಾಯಿದೆ ಮಾಡಿತು. ನಮ್ಮ ನೇತ್ರಾವತಿ, ಗುರುಪುರ ಹೊಳೆ, ಶರಾವತಿ, ಕಾಳಿ, ತುಂಗಭದ್ರೆ, ಎಲ್ಲವೂ ಆ ಪಟ್ಟಿಯಲ್ಲಿವೆ. 2021ರ ಒಳನಾಡು ಹಡಗುಗಳ ಕಾಯಿದೆಯಂತೂ ಯಂತ್ರವಿಲ್ಲದ ದೋಣಿಗಳಿಗೂ ಒಂದು ಅಧ್ಯಾಯ ಮೀಸಲಿಟ್ಟಿದೆ. ಅವುಗಳ ಹೆಸರು ದಾಖಲಿಸಿಕೊಳ್ಳುವ ಏರ್ಪಾಡು ಮಾಡಿದೆ. ಅಂದರೆ ನನ್ನ ಹದಿನಾಲ್ಕು ಅಡಿಯ ದೋಣಿಗೆ ರಾಷ್ಟ್ರೀಯ ಹೆದ್ದಾರಿಯೇ ಸಿದ್ಧವಾಗಿದೆ. ಹೆದ್ದಾರಿಗೆ ಹತ್ತಲು ಒಂದು ಅಡ್ಡದಾರಿ ಮಾತ್ರ ಇಲ್ಲ.

ಒಂದು ಕಚೇರಿಗೆ ಹೋಗಿ ಇದನ್ನೇ ವಿನಯದಿಂದ ವಿಚಾರಿಸಿದೆ. ಅಲ್ಲಿನ ಅಧಿಕಾರಿಗಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಮಾಷ್ಟ್ರೇ, ಸೇತುವೆ ಇದೆಯಲ್ಲ. ನಿಮಗೆ ದೋಣಿ ಯಾಕೆ?" ಎಂದರು. ಆಕಾಶವಾಣಿ ಇರುವಾಗ ನಿಮಗೆ ಹಾಡುವ ಚಪಲವೇಕೆ ಎಂದಂತೆ. ನಾನು ಉತ್ತರಿಸದೆ ಬಂದೆ. ಉತ್ತರ ಮೆಟ್ಟಿಲಿಳಿಯುವಾಗ ಹೊಳೆಯಿತು, ಯಾವಾಗಲೂ ಹಾಗೆಯೇ.

ಉತ್ತರ ಇದು. ಸೇತುವೆ ಹೊಳೆಯನ್ನು ದಾಟಲು ಇರುವುದು. ದೋಣಿ ಹೊಳೆಯಲ್ಲಿರಲು. ಮರುವಾಯಿ ಹೆಕ್ಕುವವನು, ಗಾಳ ಹಾಕುವವನು, ಸಣ್ಣ ಬಲೆ ಬೀಸುವವನು ಆಚೆ ದಡಕ್ಕೆ ಹೋಗುವವರಲ್ಲ. ಅವರ ಗದ್ದೆ ಇರುವುದೇ ನೀರಿನಲ್ಲಿ. ಕುದ್ರುಗಳಲ್ಲಿ ಬದುಕುವವರ ಪಾಡಂತೂ ಬೇರೆಯೇ. ಅಡ್ಯಾರಿನ ಹತ್ತಿರ ನೇತ್ರಾವತಿಯ ನಡುವೆ ಪಾವೂರು ಉಳಿಯ ಎಂಬ ಕುದ್ರು ಇದೆ. ಅಲ್ಲಿನ ಮನೆಯವರು ಶಾಲೆಗೂ ಇಗರ್ಜಿಗೂ ಆಸ್ಪತ್ರೆಗೂ ದೋಣಿಯನ್ನೇ ನಂಬಿ ಬಾಳಿದವರು. ಬೇಸಗೆಯಲ್ಲಿ ತಾವೇ ಸೇರಿ ತಾತ್ಕಾಲಿಕ ಕಾಲುಸೇತುವೆ ಕಟ್ಟಿಕೊಂಡವರು. ಮರಳು ತೆಗೆಯುವವರು ಆ ಕುದ್ರುವಿನ ಅಂಚನ್ನು ಕಡಿದು ತಿನ್ನುತ್ತಿದ್ದಾರೆಂಬ ಕೂಗು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮಂಗಳೂರಿನ ಬಂದರಿನಿಂದ ಬೆಂಗರೆಗೆ ಇಂದಿಗೂ ದೋಣಿಯಲ್ಲೇ ಮಂದಿ ಹೋಗಿಬರುತ್ತಾರೆ. ಇವರನ್ನೆಲ್ಲ ನಿಲ್ಲಿಸಿ "ದೋಣಿ ಯಾಕೆ" ಎಂದು ಕೇಳಿ ನೋಡಲಿ.

ಚಳಿಗಾಲದ ಭಾನುವಾರಗಳಲ್ಲಿ ಪಾಣೆಮಂಗಳೂರಿನಿಂದ ಕೆಳಕ್ಕೆ ಎರಡೂ ದಡಗಳಲ್ಲಿ ನಡೆದೆ. ಹಳಬರನ್ನು ಕೇಳಿ ಹಳೆಯ ಕಡವುಗಳ ಹೆಸರು ಬರೆದುಕೊಂಡೆ, ಹನ್ನೊಂದಾದವು. ನೀರಿನವರೆಗೆ ಕಾಲಿಡಲು ಸಾಧ್ಯವಾದದ್ದು ನಾಲ್ಕು ಕಡೆ. ದೋಣಿ ಇಳಿಸಬಹುದಾದದ್ದು ಒಂದು ಕಡೆ. ಅಲ್ಲಿ ಮರಳಿನ ಲಾರಿಗಳ ಸಾಲು, ಲಾರಿಗಳ ಹಿಂದೆ ಕುರ್ಚಿ ಹಾಕಿ ಕುಳಿತ ಇಬ್ಬರು ಯುವಕರು. "ಎಂತದು ಬೇಕಿತ್ತು?" ಎಂದು ಅವರು ಕೇಳಿದ ಧಾಟಿಗೆ, ನನಗೆ ಏನೂ ಬೇಡವಾಯಿತು.

ಇದನ್ನು ಓದುಗರು ಗಮನಿಸಬೇಕು. ಹೊಳೆಗೆ ದಾರಿಯೇ ಇಲ್ಲವೆಂದಲ್ಲ. ಹತ್ತು ಚಕ್ರದ ಲಾರಿಗೆ ದಾರಿ ಇದೆ, ಜೆಸಿಬಿಗೆ ಇದೆ, ಇಬ್ಬರು ಹೆಗಲ ಮೇಲೆ ಹೊರುವ ದೋಣಿಗೆ ಮಾತ್ರ ಇಲ್ಲ. ನೆರೆಯ ಕೇರಳದಲ್ಲಿಯೂ ಕಡವು ಎಂಬುದೇ ಮಾತು. ಅಲ್ಲಿ 2001ರಲ್ಲಿ ನದೀತೀರಗಳ ರಕ್ಷಣೆಗೂ ಮರಳಿನ ನಿಯಂತ್ರಣಕ್ಕೂ ಒಂದು ಕಾಯಿದೆ ಮಾಡಿದರು. ಆ ಕಾಯಿದೆ ಕಡವು ಎಂಬ ಮಾತಿಗೆ ಕೊಟ್ಟ ಅರ್ಥವೇನು ಬಲ್ಲಿರಾ? ಮರಳು ತೆಗೆಯುವ ಜಾಗ! ರಕ್ಷಿಸಲೆಂದೇ ಮಾಡಿದ ಕಾಯಿದೆ, ಉದ್ದೇಶ ಒಳ್ಳೆಯದು. ನಾನು ಅದನ್ನು ಹಳಿಯುವುದಿಲ್ಲ. ಆದರೆ ಜನ ದೋಣಿ ಹತ್ತುತ್ತಿದ್ದ ಜಾಗದ ಹೆಸರು ಜನ ಹೊಳೆಯನ್ನು ಬಗೆಯುವ ಜಾಗದ ಹೆಸರಾಯಿತಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮಲ್ಲಿ ಹಾಗೆ ಬರೆದಿಟ್ಟಿಲ್ಲ, ನಡೆಸಿದ್ದೇವೆ, ಅಷ್ಟೇ ವ್ಯತ್ಯಾಸ.

ನಾನು ನೋಡಿದ ಇನ್ನೊಂದು ಕಡವಿನಲ್ಲಿ ಅಭಿವೃದ್ಧಿ ಆಗಿತ್ತು. ಸಿಮೆಂಟಿನ ಮೆಟ್ಟಿಲು, ಹೊಳೆಯುವ ಉಕ್ಕಿನ ಕೈಪಿಡಿ, ಉದ್ಘಾಟನೆಯ ಅಮೃತಶಿಲೆ. ಸ್ನಾನಘಟ್ಟವಂತೆ. ಸ್ನಾನ ಮಾಡುವವರಿಗೆ ಒಳ್ಳೆಯದೇ. ಆದರೆ ದೋಣಿಗೆ ಮೊಣಕಾಲಿಲ್ಲ, ಅದು ಮೆಟ್ಟಿಲಿಳಿಯುವುದಿಲ್ಲ! ಆ ಮೆಟ್ಟಿಲುಗಳ ಪಕ್ಕದಲ್ಲಿ ಆರಡಿ ಅಗಲದ ಇಳಿಜಾರು ಬಿಟ್ಟಿದ್ದರೆ ಖರ್ಚು ಹೆಚ್ಚುತ್ತಿರಲಿಲ್ಲ, ಕಡಿಮೆಯಾಗುತ್ತಿತ್ತು. ಯೋಜನೆ ಬರೆದವರಿಗೆ ದೋಣಿ ನೆನಪಿಗೆ ಬರಲಿಲ್ಲ. ದೊಡ್ಡ ಊರುಗಳಲ್ಲಿ ಇದೇ ಮರೆವು ನೂರು ಪಟ್ಟು ದೊಡ್ಡದಾಗಿ ನಡೆಯುತ್ತದೆ. ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಂಡೆಗೆ ಕಾಂಕ್ರೀಟು ಗೋಡೆ ಕಟ್ಟಿ 2012ರಿಂದ ನದೀಮುಖ ಎಂದು ಜನರಿಗೆ ತೆರೆದರು. ಅದನ್ನು ನೋಡಿ ಬಂದವರು ನಮ್ಮ ಊರಿಗೂ ಅಂತಹುದೇ ಬೇಕೆನ್ನುತ್ತಾರೆ. ಹೊಳೆಯನ್ನು ಬೆಂಚಿನ ಮೇಲೆ ಕುಳಿತು ನೋಡುವ ಚಿತ್ರಪಟ ಮಾಡುವುದಾದರೆ ಅದು ಸರಿ. ಬೆಂಚಿನಿಂದ ಎದ್ದು ನೀರು ಮುಟ್ಟಬೇಕೆನ್ನುವ ಮಗುವಿಗೆ ಏನು ಹೇಳುತ್ತೀರಿ?

ಕಡವುಗಳು ಹೀಗೆ ಮಾಯವಾದದ್ದು ಹೇಗೆ? ಯಾರೋ ಒಬ್ಬ ದುಷ್ಟ ಕುಳಿತು ಮುಚ್ಚಿಸಿದನೆಂದು ಹೇಳಿದರೆ ಲೇಖನಕ್ಕೆ ಕಾವು ಬಂದೀತು, ಆದರೆ ಅದು ಸುಳ್ಳು. ನಮ್ಮ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತು. ಅಲ್ಲಿ 1890ರಷ್ಟು ಹಿಂದೆಯೇ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯಿದೆ ಇತ್ತು. ಕಡವು ಏಲಮಾಗುತ್ತಿತ್ತು, ಏಲಂ ಹಿಡಿದವನು ತಲೆಗಿಷ್ಟು, ದನಕ್ಕಿಷ್ಟು, ಗಾಡಿಗಿಷ್ಟು ಎಂದು ವಸೂಲು ಮಾಡುತ್ತಿದ್ದ, ಬೋರ್ಡಿನ ಬೊಕ್ಕಸಕ್ಕೆ ಹಣ ಬರುತ್ತಿತ್ತು. ಹಣ ಬರುತ್ತಿದ್ದಷ್ಟು ಕಾಲ ಕಡವು ದಫ್ತರದಲ್ಲಿತ್ತು. ಓಣಿಗೆ ಯಾರಾದರೂ ಮುಳ್ಳು ಹಾಕಿದರೆ ಏಲಂ ಹಿಡಿದವನೇ ಬೊಬ್ಬೆ ಹೊಡೆಯುತ್ತಿದ್ದ. ಸೇತುವೆ ಬಂತು, ಏಲಂ ನಿಂತಿತು, ದಫ್ತರದಲ್ಲಿ ಆ ಪುಟ ಖಾಲಿಯಾಯಿತು. ಬೊಬ್ಬೆ ಹೊಡೆಯುವವನಿಲ್ಲದ ದಾರಿಗೆ ಬೇಲಿ ನಡೆದುಕೊಂಡು ಬರುತ್ತದೆ, ವರ್ಷಕ್ಕೆ ಒಂದು ಗೇಣಿನಂತೆ. ಸರಕಾರಕ್ಕೆ ಕಡವು ಆದಾಯವಾಗಿತ್ತೇ ಹೊರತು ಹಕ್ಕೆಂದು ಕಂಡಿರಲಿಲ್ಲ. ಜನರಿಗೂ ಅದು ಹಕ್ಕೆಂದು ಕಾಣಲಿಲ್ಲ. ಅದು ಅಗತ್ಯವಾಗಿತ್ತು, ಅಗತ್ಯ ತೀರಿತು, ಕೈಬಿಟ್ಟರು.

ಸೇತುವೆ ಬೇಡವೆನ್ನುವಷ್ಟು ಮೂರ್ಖ ನಾನಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿಯ ಹಿನ್ನೀರಿನಾಚೆ ಸಿಕ್ಕಿಹಾಕಿಕೊಂಡ ಊರುಗಳವರು ಒಂದು ಸೇತುವೆಗಾಗಿ 2025ರ ಜುಲೈವರೆಗೆ ಕಾದರು. ರಾತ್ರಿ ಲಾಂಚು ಇಲ್ಲದಾಗ ರೋಗಿಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗಾಗುವುದನ್ನು ಕಾದವರ ಮುಂದೆ ದೋಣಿಯ ಸೊಬಗನ್ನು ವರ್ಣಿಸುವುದು ಪಾಪ. ನಮ್ಮ ಹರೇಕಳ ಅಡ್ಯಾರುಗಳ ನಡುವೆ ಕಡವು ದಾಟುತ್ತಿದ್ದಲ್ಲಿ ಈಗ ಕಿಂಡಿ ಅಣೆಕಟ್ಟಿನ ಸೇತುವೆ ಬಂದಿದೆ, ಬರಲಿ. ನಾನು ಹೇಳುವುದು ಇಷ್ಟೇ: ಹೆಬ್ಬಾಗಿಲು ಮಾಡಿಸಿದವನು ಹಿತ್ತಿಲ ಬಾಗಿಲಿಗೆ ಕಲ್ಲು ಕಟ್ಟಬೇಕಾಗಿಲ್ಲ. ಸೇತುವೆಯೂ ಮನುಷ್ಯ ಮಾಡಿದ್ದೇ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟಿಸುವ ದೋಣಿಗಳು ಬುಟ್ಟಿಯಂತೆ ಗುಂಡಗಿವೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಮಂದಿಯನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತವೆ ಎಂದು ಬರೆದಿಟ್ಟಿದ್ದಾನೆ. ಅದೇ ಆನೆಗೊಂದಿಯ ಹೊಳೆಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿತ್ತು. ಆಮೇಲೆ ಜನರನ್ನು ದಾಟಿಸಿದ್ದು ಯಾವುದು? ಹಳೆಯ ಘಟ್ಟ, ಹಳೆಯ ಹರಿಗೋಲು, ದೋಣಿ. ಐನೂರು ವರ್ಷದ ಘಟ್ಟ ಅಲ್ಲಿ ಮುಚ್ಚಿರಲಿಲ್ಲ, ಪುಣ್ಯ.

ನೆರೆಯ ಮಾತು ಬಂದರೆ ನಮ್ಮ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1923ರ ಮಾರಿಬೊಳ್ಳವನ್ನು ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. 1974ರದನ್ನು ಬಂಟ್ವಾಳ ಪಾಣೆಮಂಗಳೂರಿನ ಹಳಬರು ಗೋಡೆಯ ಮೇಲೆ ಗೆರೆ ತೋರಿಸಿ ಹೇಳುತ್ತಾರೆ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಕಡಲ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಒಳನಾಡಿಗೆ ಧಾವಿಸಿದರು, ಸಾವಿರಾರು ಜೀವಗಳನ್ನು ಎತ್ತಿ ತಂದರು. ನಾಳೆ ನಮ್ಮಲ್ಲಿ ಅಂತಹ ದಿನ ಬಂದರೆ ದೋಣಿ ಎಲ್ಲಿಂದ ಬರಬೇಕು? ಊರಲ್ಲಿ ದೋಣಿ ಇರಬೇಕಾದರೆ ಅದನ್ನು ಬಳಸುವವನಿರಬೇಕು. ಬಳಸುವವನಿರಬೇಕಾದರೆ ಇಳಿಸುವ ಜಾಗವಿರಬೇಕು. ಗೋದಾಮಿನಲ್ಲಿ ಗಾಳಿ ತುಂಬದೆ ಮಡಚಿಟ್ಟ ರಬ್ಬರಿನ ದೋಣಿಯಿಂದಲೂ, ಈಜು ಬಾರದ ಹುಡುಗರಿಂದಲೂ ಊರು ಉಳಿಯುವುದಿಲ್ಲ.

ಈಜು ಎಂದೆನಲ್ಲ, ಅಲ್ಲಿಯೇ ನನ್ನ ಎದುರಾಳಿಗಳು ಹಿಡಿದುಕೊಳ್ಳುತ್ತಾರೆ. "ಹೊಳೆಯಲ್ಲಿ ಮಕ್ಕಳು ಸಾಯುತ್ತಿದ್ದಾರೆ, ನೀವು ಬಾಗಿಲು ತೆರೆಯಿರಿ ಎನ್ನುತ್ತೀರಿ" ಎಂದು. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಮೂವತ್ತು ವರ್ಷ ಶಾಲೆಯಲ್ಲಿದ್ದವನು ನಾನು; ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಕೈ ಇದು. ಆ ಹುಡುಗ ಮುಳುಗಿದ್ದು ಕಡವಿನಲ್ಲಲ್ಲ. ಮರಳು ತೆಗೆದ ಗುಂಡಿಯಲ್ಲಿ. ಮೊಣಕಾಲು ನೀರೆಂದು ಕಾಲಿಟ್ಟಲ್ಲಿ ಎರಡಾಳು ಆಳ. ಹಳೆಯ ಕಡವಿನಲ್ಲಿ ದಿನವಿಡೀ ಮಂದಿ ಇರುತ್ತಿದ್ದರು, ಎಲ್ಲಿ ಸೆಳೆತ ಎಲ್ಲಿ ಸುಳಿ ಎಂದು ಹೇಳುವವನಿರುತ್ತಿದ್ದ, ಕೂಗಿದರೆ ಹಾರುವವನಿರುತ್ತಿದ್ದ. ಆ ಜಾಗ ಮುಚ್ಚಿದ ಮೇಲೆ ಹುಡುಗರು ಹೊಳೆ ಬಿಡಲಿಲ್ಲ, ಬೇಲಿ ಹಾರಿ ಯಾರೂ ಇಲ್ಲದ ಜಾಗಕ್ಕೆ ಹೋದರು. ಕೇರಳದ ತಾನೂರಿನಲ್ಲಿ 2023ರ ಮೇ ತಿಂಗಳಲ್ಲಿ 22 ಮಂದಿ ಸತ್ತ ದುರಂತವನ್ನೂ ನನಗೆ ಎತ್ತಿ ತೋರಿಸುವವರಿದ್ದಾರೆ. ಅದು ಮಿತಿಮೀರಿ ಮಂದಿಯನ್ನು ತುಂಬಿದ ಪ್ರವಾಸಿ ದೋಣಿ. ದುಡ್ಡಿಗಾಗಿ ಮಂದಿ ತುಂಬುವವನನ್ನು ಹಿಡಿಯಿರಿ. ಬಸ್ಸು ಮಗುಚಿತೆಂದು ಕಾಲುದಾರಿ ಮುಚ್ಚುವ ನ್ಯಾಯ ಎಲ್ಲಿಯದು?

ಪ್ರವಾಸೋದ್ಯಮದ ಗೆಳೆಯರೂ ಇದ್ದಾರೆ. ಅವರಿಗೆ ನನ್ನ ಮಾತು ಬಹಳ ಇಷ್ಟ. ದೋಣಿಮನೆ ಮಾಡೋಣ, ರೆಸ್ಟೋರೆಂಟು ಮಾಡೋಣ, ಟಿಕೆಟು ಇಡೋಣ ಎನ್ನುತ್ತಾರೆ. ಇವರಿಗೆ ಒಂದು ನಮಸ್ಕಾರ. ಟಿಕೆಟಿನ ಬಾಗಿಲು ಗೇಟಿನ ತಮ್ಮ.

ಇನ್ನು ತೋಟದವರ ಮಾತು. ಒಬ್ಬರು ನನ್ನನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು ಹೇಳಿದರು: "ಮಾಷ್ಟ್ರೇ, ದಾರಿ ಬಿಟ್ಟೇ ಇದ್ದೆ. ರಾತ್ರಿ ಕುಡಿಯುವವರು ಬಂದರು, ಬಾಟಲಿ ಒಡೆದರು, ಅಡಿಕೆ ಕದ್ದರು, ಮರಳಿನವರು ಬಂದು ದಾರಿಯನ್ನೇ ಗುಂಡಿ ಮಾಡಿದರು. ಪೊಲೀಸಿನವರಿಗೆ ಹೇಳಿದೆ, ಪಂಚಾಯತಿಗೆ ಬರೆದೆ. ಯಾರೂ ಬರಲಿಲ್ಲ. ಆಮೇಲೆ ಗೇಟು ಹಾಕಿದೆ. ನೀವಾದರೆ ಏನು ಮಾಡುತ್ತಿದ್ದಿರಿ?" ನಾನೂ ಗೇಟು ಹಾಕುತ್ತಿದ್ದೆ. ಹಗಲಿಗೆ ಯಾರೂ ಬಳಸದ ದಾರಿ ರಾತ್ರಿಯವರ ಪಾಲಾಗುತ್ತದೆ. ಅದಕ್ಕೆ ಅವರನ್ನು ದೂರುವುದಿಲ್ಲ. ಸಾರ್ವಜನಿಕ ದಾರಿಯ ಕಾವಲನ್ನು ಒಬ್ಬ ತೋಟದವನ ತಲೆಗೆ ಕಟ್ಟಿ ಸುಮ್ಮನಾದ ಸಂಸ್ಥೆಗಳನ್ನು ದೂರುತ್ತೇನೆ. ಸ್ಕಾಟ್ಲೆಂಡಿನಲ್ಲಿ 2003ರಲ್ಲಿ ಮಾಡಿದ ಭೂಸುಧಾರಣೆಯ ಕಾನೂನು ನೆಲಕ್ಕೂ ಒಳನಾಡಿನ ನೀರಿಗೂ ಹೋಗುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಜವಾಬ್ದಾರಿಯಿಂದ ನಡೆದುಕೊಳ್ಳಬೇಕೆಂಬ ಕಟ್ಟಳೆಯೊಡನೆ. ಅಲ್ಲಿಯೂ ತೋಟದವರಿದ್ದಾರೆ, ಕುಡಿಯುವವರಂತೂ ಖಂಡಿತ ಇದ್ದಾರೆ.

ನನಗೆ ಬೇಕಾದದ್ದೇನು? ಹೊಸ ಕಾಯಿದೆಯಲ್ಲ, ಕೋಟಿಗಳ ಯೋಜನೆಯಲ್ಲ. ಪ್ರತಿ ಹೊಳೆಬದಿಯ ಪಂಚಾಯತಿ ತನ್ನ ಗಡಿಯೊಳಗಿನ ಹಳೆಯ ಕಡವುಗಳ ಪಟ್ಟಿ ಮಾಡಲಿ. ಗ್ರಾಮನಕ್ಷೆಯಲ್ಲಿ ಆ ಓಣಿಗಳು ಚುಕ್ಕಿಗೆರೆಯಾಗಿ ಇನ್ನೂ ಇವೆ. ಹೊಳೆ ಪರಂಬೋಕು ಎಂದು ಬರೆದ ಜಾಗ ಎಲ್ಲಿಯೂ ಓಡಿಹೋಗಿಲ್ಲ. ಅಳೆದು, ಕಲ್ಲು ಹಾಕಿ, ಊರಿಗೊಂದಾದರೂ ಇಳಿಜಾರು ಉಳಿಸಲಿ. ಲಾರಿ ಹೋಗದಂತೆ ದಾರಿಯ ಬಾಯಿಗೆ ಎರಡು ಕಲ್ಲುಕಂಬ ನೆಟ್ಟರೆ ಸಾಕು; ನಡುವೆ ದೋಣಿ ಹೊತ್ತ ಮಂದಿ ನುಸುಳುತ್ತಾರೆ. ತುಂಬೆಯಂತಹ ಕಿಂಡಿ ಅಣೆಕಟ್ಟುಗಳ ಪಕ್ಕದಲ್ಲಿ ದೋಣಿಯನ್ನು ಹೊತ್ತು ಕೆಳಗಿಳಿಸಲು ಒಂದು ಕಾಲುದಾರಿ ಬಿಡಲಿ. ಕಾಂಡ್ಲಗಿಡಗಳನ್ನು ಕಡಿಯುವ ಅಗತ್ಯವೂ ಇಲ್ಲ. ಹಳೆಯ ಕಡವುಗಳು ಅವುಗಳನ್ನು ತಪ್ಪಿಸಿಯೇ ಇದ್ದವು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನನ್ನು ಶರಣನೆಂದು ಕೂರಿಸಿಕೊಂಡ ನಾಡು ಇದು. ದಾಸರು ದೇವರನ್ನೇ ಅಂಬಿಗನೆಂದು ಕರೆದರು. ನಾವು ಭಜನೆಯಲ್ಲಿ ಅಂಬಿಗನನ್ನು ಕರೆಯುತ್ತೇವೆ, ಅವನು ಬಂದರೆ ದೋಣಿ ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಹೇಳುವುದಿಲ್ಲ.

ಈಗ ಗೇಟಿನ ವಿಷಯ. ನಮ್ಮೂರ ಕಡವಿನಲ್ಲಿ ದೋಣಿ ನಡೆಸುತ್ತಿದ್ದ ಕಾಕ ಇನ್ನೂ ಇದ್ದಾರೆ. ಎಂಬತ್ತೈದು ದಾಟಿದೆ, ಕಣ್ಣು ಮಂದ, ಕಿವಿ ಚುರುಕು. ದೋಣಿ ಕೊಂಡ ಸುದ್ದಿ ಹೇಳಲು ಹೋದಾಗ ಗಟ್ಟಿಯಾಗಿ ನಕ್ಕರು. "ಮಾಷ್ಟ್ರೇ, ದೋಣಿ ಕೊಂಡಿರಿ, ಕಡವು ಕೊಳ್ಳಲಿಲ್ಲವಾ?" ಎಂದರು. ಆಮೇಲೆ ನಗು ನಿಲ್ಲಿಸಿ, "ನಿಮ್ಮ ತಂದೆಯವರಿಗೆ ಅಂದೇ ಹೇಳಿದ್ದೆ" ಎಂದರು.

ಹೇಳಿದ್ದು ನಿಜ. ಸೇತುವೆ ಬಂದ ಮೂರನೆಯ ವರ್ಷ ನನ್ನ ತಂದೆ ಓಣಿಯ ಒಂದು ಬದಿಯ ಬೇಲಿಯನ್ನು ಎರಡು ಮೊಳ ಒಳಗೆ ತಂದು ಅಡಿಕೆ ಸಸಿ ನೆಟ್ಟರು. ಆಚೆಯವರೂ ಹಾಗೆಯೇ ಮಾಡಿದರು. ಕಾಕ ನಮ್ಮ ಅಂಗಳಕ್ಕೆ ಬಂದು, ಮುಂಡಾಸು ಕೈಯಲ್ಲಿ ಹಿಡಿದು, "ಭಟ್ರೇ, ದಾರಿ ಇರಲಿ, ನೀರು ಯಾವಾಗ ಬೇಕಾಗ್ತದೋ" ಎಂದದ್ದನ್ನು ನಾನು ಜಗಲಿಯಲ್ಲಿ ಕುಳಿತು ಕೇಳಿದ್ದೇನೆ. ತಂದೆ, "ಯಾರು ಹೋಗುತ್ತಾರೆ ಇನ್ನು ಅಲ್ಲಿಗೆ" ಎಂದರು. ನಾನು ಆಗ ಕಾಲೇಜು ಓದುತ್ತಿದ್ದವನು, ಸೇತುವೆಯ ಅಭಿಮಾನಿ. ತಂದೆಯ ಮಾತೇ ಸರಿಯೆನಿಸಿತು. ತಂದೆ ಹೋದ ಮೇಲೆ ಪಾಲಿನಲ್ಲಿ ಆ ತೋಟ ಅಣ್ಣನಿಗೆ ಬಂತು. ಅಣ್ಣ ಅದನ್ನು ಮಾರಿದ. ಕೊಂಡವರು ಎರಡೂ ತೋಟ ಕೊಂಡು, ಓಣಿಯ ಉಳಿದ ಗೆರೆಯನ್ನೂ ಸೇರಿಸಿ ಗೇಟು ಹಾಕಿದರು. ಪತ್ರಕ್ಕೆ ಸಾಕ್ಷಿ ಹಾಕಿದವರಲ್ಲಿ ನಾನೂ ಒಬ್ಬ. ಬೆಂಗಳೂರಿನವರು ನಮ್ಮ ಹೊಳೆ ಕದ್ದರೆಂದು ಸಭೆಯಲ್ಲಿ ಕೂಗುವ ಮೊದಲು ನಾನು ಇದನ್ನು ಹೇಳಲೇಬೇಕಾಗಿತ್ತು.

ಅಳತೆಗೆ ಅರ್ಜಿ ಕೊಟ್ಟಿದ್ದೇನೆ. ಹಳೆಯ ಗ್ರಾಮನಕ್ಷೆಯ ನಕಲು, ತಂದೆಯ ಕಾಲದ ಪಟ್ಟೆಯ ನಕಲು, ಎರಡನ್ನೂ ಲಗತ್ತಿಸಿದ್ದೇನೆ. ಎರಡರಲ್ಲೂ ಓಣಿ ಇದೆ. ಅಣ್ಣ ಮಾತು ಬಿಟ್ಟಿದ್ದಾನೆ. ಮುಂದಿನ ತಿಂಗಳ ಎರಡನೆಯ ವಾರ ಸರ್ವೆಯವರು ಬರುತ್ತಾರೆಂದು ಹೇಳಿದ್ದಾರೆ. ತಂದೆ ನೆಟ್ಟ ಅಡಿಕೆ ಮರಗಳು ಯಾವ ಸಾಲಿನಿಂದ ಯಾವ ಸಾಲಿನವರೆಗೆ ಓಣಿಯ ಒಳಗೆ ನಿಂತಿವೆಯೆಂದು ತೋರಿಸಬಲ್ಲವರು ಇನ್ನು ಇಬ್ಬರೇ, ನಾನು ಮತ್ತು ಕಾಕ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡಾದರೂ ಹೋಗಬೇಕೆಂದು ಶಾಲೆಯ ಹಳೆಯ ಹುಡುಗರು ನಾಲ್ವರಿಗೆ ಹೇಳಿಟ್ಟಿದ್ದೇನೆ. ದೋಣಿ ಸದ್ಯಕ್ಕೆ ಅಂಗಳದಲ್ಲಿ ಸೋಗೆಯ ಅಡಿಯಲ್ಲಿ ಮಗುಚಿ ಮಲಗಿದೆ. ಕೋಳಿ ಅದರ ಕೆಳಗೆ ಮರಿ ಮಾಡಿದೆ.